ಯಲಹಂಕ: ಬೆಂಗಳೂರಿನ ಉತ್ತರದ ಹಿರಿಯ ಊರು – ಪದೇ ಪದೇ ಕೇಳುವ ಪ್ರಶ್ನೆಗಳು

ಯಲಹಂಕ ಎಲ್ಲಿದೆ? ಆ ಹೆಸರಿನಿಂದ ಯಾವ ಯಾವ ಪ್ರದೇಶಗಳನ್ನು ಕರೆಯುತ್ತಾರೆ?

ಮೆಜೆಸ್ಟಿಕ್‌ನಿಂದ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೊರಟರೆ, ಹೆಬ್ಬಾಳ ಮತ್ತು ಜಕ್ಕೂರುಗಳನ್ನು ದಾಟಿದ ಮೇಲೆ, ಸುಮಾರು 15 ಕಿಲೋಮೀಟರ್ ದೂರದಲ್ಲಿ ಯಲಹಂಕ ಸಿಗುತ್ತದೆ. ಹೊರಗಿನವರಿಗೆ ಇದೆಲ್ಲ ಒಂದೇ ಬಡಾವಣೆಯಂತೆ ಕಂಡರೂ ಇಲ್ಲಿಯವರ ಮಾತಿನಲ್ಲಿ ಎರಡು ಯಲಹಂಕಗಳಿವೆ. ಕೆರೆಯ ಆಸುಪಾಸಿನಲ್ಲಿ, ವೇಣುಗೋಪಾಲಸ್ವಾಮಿ ದೇವಾಲಯದ ಸುತ್ತಮುತ್ತಲ ಇಕ್ಕಟ್ಟಾದ ಬೀದಿಗಳಲ್ಲಿ ಇರುವುದು ಹಳೇ ಟೌನು. ರೈಲು ಹಳಿಯ ಆಚೆಗೆ, ನೇರವಾದ ಅಗಲ ರಸ್ತೆಗಳೊಂದಿಗೆ ಹರಡಿಕೊಂಡಿರುವುದು ಉಪನಗರ, ಅಂದರೆ ನ್ಯೂ ಟೌನ್. ಇವೆರಡರ ಸುತ್ತ ಅಟ್ಟೂರು, ಅಲ್ಲಾಳಸಂದ್ರ, ಕೋಗಿಲು, ಪುಟ್ಟೇನಹಳ್ಳಿ, ದೊಡ್ಡಬೆಟ್ಟಹಳ್ಳಿಗಳಂತಹ ಊರುಗಳಿವೆ. ಅವು ಮನೆಗಳ ಸಾಲಿನಲ್ಲಿ ಯಲಹಂಕದೊಡನೆ ಬೆರೆತುಹೋಗಿದ್ದರೂ, ತಮ್ಮ ತಮ್ಮ ಗ್ರಾಮದೇವತೆ, ಅರಳಿಕಟ್ಟೆ ಮತ್ತು ಕೆರೆಗಳನ್ನು ಬಿಟ್ಟುಕೊಟ್ಟಿಲ್ಲ.

ಯಲಹಂಕ ಬೆಂಗಳೂರಿಗಿಂತ ಹಳೆಯದು ಎನ್ನುವುದು ನಿಜವೇ?

ಕೋಟೆ ಮತ್ತು ಪೇಟೆಗಳಿಂದ ಕೂಡಿದ ಬೆಂಗಳೂರು ನಗರವನ್ನು ಗಮನದಲ್ಲಿಟ್ಟು ಕೇಳುವುದಾದರೆ, ನಿಜ. ಆ ನಗರ ಹುಟ್ಟಿದ್ದು 1537ರಲ್ಲಿ. ಅದನ್ನು ಕಟ್ಟಿದ ಮನೆತನ ಅದಕ್ಕೂ ಮೊದಲು ಹಲವು ತಲೆಮಾರು ಯಲಹಂಕದಿಂದಲೇ ಆಳ್ವಿಕೆ ನಡೆಸಿತ್ತು. ನಾಡಿನ ಹೆಸರಾಗಿ ಯಲಹಂಕ ಇನ್ನೂ ಹಿಂದಿನದು. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಇದು ಇಲೈಪಾಕ್ಕ ನಾಡು ಎಂಬ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ, ಹೊಯ್ಸಳರ ಕಾಲಕ್ಕೆ ಎಲವಂಕ ಎಂಬ ರೂಪ ಬಳಕೆಗೆ ಬಂದಿದೆ. ಹಾಗೆಂದು ಬೆಂಗಳೂರು ಎಂಬ ಹೆಸರು 1537ರ ಹೊಸ ಸೃಷ್ಟಿಯೆಂದು ತಿಳಿಯಬಾರದು. ಸುಮಾರು 890ರ ಬೇಗೂರಿನ ವೀರಗಲ್ಲಿನಲ್ಲಿಯೇ ಆ ಹೆಸರಿದೆ. ಯಲಹಂಕಕ್ಕೂ ಹೆಬ್ಬಾಳಕ್ಕೂ ನಡುವೆ, ಕೊಡಿಗೇಹಳ್ಳಿಯ ಬಳಿ, ಹಳೇಬೆಂಗಳೂರು ಎಂಬ ಊರಿತ್ತೆಂದೂ ಕೆಂಪೇಗೌಡರು ತಮ್ಮ ಹೊಸ ಪಟ್ಟಣಕ್ಕೆ ಅದರ ಹೆಸರನ್ನೇ ಇಟ್ಟರೆಂದೂ ಪರಂಪರೆ ಹೇಳುತ್ತದೆ.

ಈ ಉತ್ತರ ಸೀಮೆಯಲ್ಲಿ ಜನವಸತಿ ಇನ್ನೂ ಪ್ರಾಚೀನವೆಂಬುದಕ್ಕೆ ಹೆಬ್ಬಾಳದಲ್ಲಿ ದೊರೆತ ಕಿಟ್ಟಯ್ಯನ ವೀರಗಲ್ಲು ಸಾಕ್ಷಿ. ಗಂಗರ ಶ್ರೀಪುರುಷನ ಕಾಲದ, ಸುಮಾರು 750ರ ಈ ಕಲ್ಲು ಬೆಂಗಳೂರು ಪರಿಸರದಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ಊರಿನ ಮೇಲೆ ಬಿದ್ದ ದಾಳಿಯನ್ನು ಎದುರಿಸಿ ಮಡಿದವನ ನೆನಪಿಗೆ ನೆಟ್ಟ ಕಲ್ಲದು. ಇಲ್ಲಿ ಅಂದೇ ಕಾಪಾಡಿಕೊಳ್ಳಬೇಕಾದ ಊರುಗಳೂ ಬೆಳೆಯೂ ದನಕರುಗಳೂ ಇದ್ದವು. ಆದ್ದರಿಂದ ಬೆಂಗಳೂರು ಬೆಳೆಯುತ್ತಾ ಹೋಗಿ ಯಲಹಂಕವೆಂಬ ಉಪನಗರ ಹುಟ್ಟಿತು ಎನ್ನುವ ಮಾತನ್ನು ಒಪ್ಪಲಾಗದು. ಯಲಹಂಕದ ಪಾಳೆಯಗಾರರು ಬೆಂಗಳೂರನ್ನು ಕಟ್ಟಿದರು. ನಾಲ್ಕೂವರೆ ಶತಮಾನಗಳ ನಂತರ ಆ ನಗರ ಬೆಳೆದು ಬಂದು ಯಲಹಂಕವನ್ನು ತನ್ನೊಳಗೆ ಸೇರಿಸಿಕೊಂಡಿತು. ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಲ್ಲಿಯ ಕೆರೆ, ಬೀದಿ, ದೇವಾಲಯಗಳು ಏಕೆ ಹೀಗಿವೆ ಎಂಬುದು ತಿಳಿಯುತ್ತದೆ.

ಯಲಹಂಕ ನಾಡಪ್ರಭುಗಳು ಯಾರು?

ಇವರು ಮೊರಸು ಒಕ್ಕಲಿಗರು. ಕಂಚಿಯ ಸೀಮೆಯಿಂದ ಹೊರಟ ಏಳು ಮಂದಿ ಸೋದರರು, ಮನೆಯ ಹೆಣ್ಣುಮಗಳನ್ನು ಬಲವಂತದ ಮದುವೆಯಿಂದ ಕಾಪಾಡುವುದಕ್ಕಾಗಿ ರಾತ್ರೋರಾತ್ರಿ ಗಾಡಿ ಕಟ್ಟಿಕೊಂಡು ಬಂದು, ನಂದಿಬೆಟ್ಟದ ಸೀಮೆಯ ಆವತಿಯಲ್ಲಿ ನೆಲೆಸಿದರು ಎಂಬುದು ಈ ಮನೆತನಗಳು ಹೇಳಿಕೊಂಡು ಬಂದ ಕಥೆ. ಅವರ ಹಿರಿಯನೆಂದು ರಣಭೈರೇಗೌಡನನ್ನು ನೆನೆಯುತ್ತಾರೆ. ಆವತಿಯಿಂದ ಕವಲೊಡೆದ ಶಾಖೆಗಳು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಮತ್ತು ಯಲಹಂಕಗಳಲ್ಲಿ ಬೇರೂರಿದವು. 15ನೇ ಶತಮಾನದ ಆರಂಭದಲ್ಲಿ ಜಯಗೌಡನು ವಿಜಯನಗರದ ಅರಸರಿಗೆ ಅಧೀನನಾಗಿ ಯಲಹಂಕ ನಾಡಿನ ಪ್ರಭುತ್ವವನ್ನು ಪಡೆದನು. ಅವನ ನಂತರ ಗಿಡ್ಡೇಗೌಡ, ಕೆಂಪನಂಜೇಗೌಡ, ಆಮೇಲೆ ಹಿರಿಯ ಕೆಂಪೇಗೌಡರು ಪಟ್ಟಕ್ಕೆ ಬಂದರು. ಕೆಂಪೇಗೌಡರ ಆಳ್ವಿಕೆಯನ್ನು ಸಾಮಾನ್ಯವಾಗಿ 1513ರಿಂದ 1569ರವರೆಗೆ ಎಂದು ಗುರುತಿಸಲಾಗುತ್ತದೆ.

ಏಳು ಸೋದರರ ಕಥೆಯ ಎಲ್ಲ ವಿವರಗಳನ್ನೂ ಇತಿಹಾಸವೆಂದು ಸ್ವೀಕರಿಸಬೇಕಾಗಿಲ್ಲ. ಆದರೆ ಬೆಂಗಳೂರಿನಿಂದ ನಂದಿಬೆಟ್ಟದವರೆಗಿನ ಪಟ್ಟಣಗಳೆಲ್ಲ ಒಂದೇ ಕುಲದ ಕವಲುಗಳೆಂದು ಆ ಊರುಗಳ ಜನ ತಿಳಿದಿದ್ದರು ಎಂಬ ಸಂಗತಿಯೇ ಅಮೂಲ್ಯವಾದದ್ದು. ಇಂದು ವಿಮಾನ ನಿಲ್ದಾಣದ ರಸ್ತೆಯೆಂದು ಮಾತ್ರ ಪರಿಚಿತವಾಗಿರುವ ದಾರಿಯ ಉದ್ದಕ್ಕೂ ಈ ನಂಟು ಹರಡಿಕೊಂಡಿದೆ.

ಕೆಂಪೇಗೌಡರು ಯಲಹಂಕವಿದ್ದೂ ಬೇರೆ ರಾಜಧಾನಿಯನ್ನು ಏಕೆ ಕಟ್ಟಿದರು?

ಯಲಹಂಕ ಒಂದು ನಾಡಿನ ಕೇಂದ್ರವಾಗಿತ್ತು; ಕೆಂಪೇಗೌಡರಿಗೆ ಬೇಕಾಗಿದ್ದುದು ವ್ಯಾಪಾರಕ್ಕೆ ತೆರೆದ ಪಟ್ಟಣ. ಹಂಪಿಯ ಬಜಾರುಗಳನ್ನು ಕಂಡಿದ್ದ ಅವರು ಅಂತಹದೇ ಪೇಟೆಯೊಂದನ್ನು ಕಟ್ಟಲು ಬಯಸಿದರೆಂದು ಪರಂಪರೆ ಹೇಳುತ್ತದೆ. ವಿಜಯನಗರದ ಅಚ್ಯುತರಾಯನ ಅನುಮತಿ ಪಡೆದು 1537ರಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿಸಿ, ಅದರೊಳಗೆ ದೊಡ್ಡಪೇಟೆ ಮತ್ತು ಚಿಕ್ಕಪೇಟೆಗಳು ಒಂದನ್ನೊಂದು ದಾಟುವಂತೆ ಬೀದಿಗಳನ್ನು ಬಿಡಿಸಿ, ಕಸುಬಿಗೊಂದು ಪೇಟೆಯಂತೆ ಜನರನ್ನು ನೆಲೆಗೊಳಿಸಿದರು. ಹಲಸೂರು, ಬೇಗೂರು, ವರ್ತೂರು, ಜಿಗಣಿ, ಕೆಂಗೇರಿ ಮುಂತಾದ ಹೋಬಳಿಗಳ ಆದಾಯ ಈ ಕಾರ್ಯಕ್ಕೆ ಒದಗಿತು. ಆ ಹೋಬಳಿಗಳೆಲ್ಲ ಹೊಸ ಪಟ್ಟಣದ ಸುತ್ತ ಹರಡಿದ್ದವು, ಯಲಹಂಕವೋ ಅವುಗಳ ಉತ್ತರದ ಅಂಚಿನಲ್ಲಿತ್ತು. ನಡುವೆ ಒಂದು ನೆಲೆ ಬೇಕೆನಿಸಿದ್ದು ಸಹಜವೇ.

ರಾಜಧಾನಿ ಬೇರೆಡೆಗೆ ಹೋದ ಮೇಲೂ ಮನೆತನ ತನ್ನನ್ನು ಯಲಹಂಕ ನಾಡಪ್ರಭುಗಳೆಂದೇ ಕರೆದುಕೊಂಡಿತು.

ಆ ನಂತರ ಯಲಹಂಕಕ್ಕೆ ಏನಾಯಿತು?

1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಸೇನೆ ಬೆಂಗಳೂರನ್ನು ಗೆದ್ದಾಗ ಕೆಂಪೇಗೌಡರ ವಂಶಜರು ಮಾಗಡಿ ಮತ್ತು ಸಾವನದುರ್ಗದ ಕಡೆಗೆ ಸರಿದರು. ಆ ಆಸರೆಯೂ 1728ರಲ್ಲಿ ಮೈಸೂರಿನ ಪಾಲಾಯಿತು. ಯಲಹಂಕ ಅರಸರಿಲ್ಲದ ಊರಾಗಿ, ಹೋಬಳಿಯ ಕೇಂದ್ರವಾಗಿ ಉಳಿಯಿತು. ರಾಗಿ, ಅವರೆ, ಹುರುಳಿ ಹೊಲಗಳು, ಕೆರೆಯ ಕೆಳಗೆ ಭತ್ತದ ಗದ್ದೆಗಳು, ಮುಂದೆ ಹಿಪ್ಪುನೇರಳೆ ಮತ್ತು ದ್ರಾಕ್ಷಿ ತೋಟಗಳು: ಮೂರು ಶತಮಾನಗಳ ಕಾಲ ಇದು ರೈತರ ಊರು. ಬೆಂಗಳೂರಿನ ಉತ್ತರ ಸೀಮೆಯ ಕಪ್ಪು ನೀಲಿ ಬಣ್ಣದ ದ್ರಾಕ್ಷಿ ಬೆಂಗಳೂರು ನೀಲಿ ದ್ರಾಕ್ಷಿಯೆಂಬ ಹೆಸರಿನಲ್ಲಿ 2013ರಲ್ಲಿ ಭೌಗೋಳಿಕ ಗುರುತನ್ನು ಪಡೆಯಿತು. ಆ ಹೊತ್ತಿಗೆ ಅದನ್ನು ಬೆಳೆಯುತ್ತಿದ್ದ ನೆಲದಲ್ಲಿ ಎಷ್ಟೋ ಭಾಗ ನಿವೇಶನಗಳಾಗಿ ಮಾರಾಟವಾಗಿತ್ತು ಎಂಬುದು ದುಃಖದ ಸಂಗತಿ.

ರೈಲು ಯಾವಾಗ ಬಂತು? ಯಲಹಂಕವನ್ನು ಜಂಕ್ಷನ್ ಎನ್ನುವುದೇಕೆ?

19ನೇ ಶತಮಾನದ ಕೊನೆಯ ದಶಕದಲ್ಲಿ ಯಶವಂತಪುರದಿಂದ ದೊಡ್ಡಬಳ್ಳಾಪುರ, ಗೌರಿಬಿದನೂರುಗಳ ಮೂಲಕ ಹಿಂದೂಪುರದತ್ತ ಮೀಟರ್ ಗೇಜ್ ಮಾರ್ಗ ಹಾದುಹೋಯಿತು. ಮುಂದಿನ ಶತಮಾನದ ಎರಡನೇ ದಶಕದಲ್ಲಿ ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಗೆ ಕಿರಿದಾದ ನ್ಯಾರೋ ಗೇಜ್ ಹಳಿ ಬಿತ್ತು. ಅದು ಮುಂದೆ ಕೋಲಾರದ ಮಾರ್ಗದೊಂದಿಗೆ ಕೂಡಿ ಬಂಗಾರಪೇಟೆಯವರೆಗೆ ಸಾಗುತ್ತಿತ್ತು. ಸಂತೆಗೆ ಹೋಗುವವರೂ ರೇಷ್ಮೆಗೂಡು ಸಾಗಿಸುವವರೂ ಇದನ್ನೇ ನೆಚ್ಚಿಕೊಂಡಿದ್ದರು. ಈಗ ಎಲ್ಲವೂ ಬ್ರಾಡ್ ಗೇಜ್ ಆಗಿದೆ. ಯಶವಂತಪುರ, ಚನ್ನಸಂದ್ರ, ರಾಜಾನುಕುಂಟೆ, ದೇವನಹಳ್ಳಿ ಎಂಬ ನಾಲ್ಕು ದಿಕ್ಕಿನ ಮಾರ್ಗಗಳು ಇಲ್ಲಿ ಕೂಡುತ್ತವೆ. ದೇವನಹಳ್ಳಿಯ ಮಾರ್ಗದಲ್ಲಿ ದೊಡ್ಡಜಾಲ, ಆವತಿಹಳ್ಳಿ, ನಂದಿ ಹಾಲ್ಟ್‌ಗಳ ಹಳೆಯ ಕಲ್ಲಿನ ನಿಲ್ದಾಣಗಳು ಇಂದಿಗೂ ನಿಂತಿವೆ. ಬಿಡುವಿರುವವರು ಒಮ್ಮೆ ಆ ಮಾರ್ಗದಲ್ಲಿ ಪ್ರಯಾಣ ಮಾಡಲೇಬೇಕು.

ಉಪನಗರ ಹೇಗೆ ರೂಪುಗೊಂಡಿತು?

ಕರ್ನಾಟಕ ಗೃಹ ಮಂಡಳಿಯು 1980ರ ದಶಕದ ಆಸುಪಾಸಿನಲ್ಲಿ, ನಗರದಿಂದ ಸಾಕಷ್ಟು ದೂರವೆನಿಸುತ್ತಿದ್ದ ಈ ಬಯಲಿನಲ್ಲಿ, ಬೇರೆ ಬೇರೆ ಆದಾಯ ವರ್ಗದವರಿಗೆ ಮನೆಗಳನ್ನು ಕಟ್ಟಿಸಿ ಹಂಚಿತು. ಅದರಿಂದಾಗಿ ಒಂದೇ ಬಡಾವಣೆಯಲ್ಲಿ ಚಿಕ್ಕ ಮನೆಗಳ ಸಾಲುಗಳೂ ದೊಡ್ಡ ನಿವೇಶನಗಳೂ ಅಕ್ಕಪಕ್ಕದಲ್ಲಿ ಬಂದವು. ನಿವೃತ್ತ ಸೈನಿಕರು, ಕಾರ್ಖಾನೆಯ ನೌಕರರು, ಶಿಕ್ಷಕರು, ಬ್ಯಾಂಕಿನವರು ಮೊದಲ ತಲೆಮಾರಿನ ನಿವಾಸಿಗಳಾದರು. ನಗರಕ್ಕೆ ಬಸ್ಸುಗಳು ವಿರಳವಾಗಿದ್ದ ಆ ದಿನಗಳಲ್ಲಿ ಇಲ್ಲಿಗೆ ಬರಲು ಧೈರ್ಯ ಬೇಕಾಗಿತ್ತು, ಬಂದವರು ಒಬ್ಬರನ್ನೊಬ್ಬರು ನೆಚ್ಚಿಕೊಂಡೇ ಬಾಳಬೇಕಾಗಿತ್ತು. ಅವರು ನೆಟ್ಟ ಮರಗಳು ಈಗ ರಸ್ತೆಗಳಿಗೆ ನೆರಳಾಗಿವೆ. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಅಪರೂಪವಾಗಿರುವ ಅಗಲವಾದ ಕಾಲುದಾರಿ, ಆಟದ ಮೈದಾನ, ನಡೆದುಹೋಗುವಷ್ಟು ಹತ್ತಿರದ ಅಂಗಡಿಸಾಲುಗಳು ಇಲ್ಲಿ ಇರುವುದು ಮೊದಲೇ ನಕ್ಷೆ ಹಾಕಿ ಕಟ್ಟಿದ್ದರಿಂದ.

2008ರ ನವೆಂಬರ್ 26ರ ಮುಂಬೈ ದಾಳಿಯಲ್ಲಿ ಹೋರಾಡುತ್ತಾ ಹುತಾತ್ಮರಾದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಮನೆ ಇದ್ದುದು ಇಲ್ಲಿಯೇ. ಇಲ್ಲಿಯ ಪ್ರಮುಖ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ.

ಇಷ್ಟೊಂದು ಕೇಂದ್ರ ಮತ್ತು ರಾಜ್ಯ ಸರ್ಕಾರದ ಸಂಸ್ಥೆಗಳು ಇಲ್ಲಿಗೇ ಏಕೆ ಬಂದವು?

ಸಮತಟ್ಟಾದ ವಿಶಾಲ ನೆಲ, ರೈಲು ಜಂಕ್ಷನ್ ಮತ್ತು ಹೆದ್ದಾರಿ ಮೂರೂ ಒಂದೆಡೆ ಸಿಕ್ಕಿದ್ದೇ ಮುಖ್ಯ ಕಾರಣ. ವಾಯುಪಡೆಯ ನೆಲೆ, ಗಡಿ ಭದ್ರತಾ ಪಡೆಯ ತರಬೇತಿ ಕೇಂದ್ರ, ಕೇಂದ್ರ ಮೀಸಲು ಪೊಲೀಸ್ ಪಡೆಯ ನೆಲೆ, ರೈಲು ಗಾಲಿ ಕಾರ್ಖಾನೆ, ಮದರ್ ಡೇರಿ, ವಿದ್ಯುತ್ ಸ್ಥಾವರ ಎಲ್ಲವೂ ಕೆಲವೇ ಕಿಲೋಮೀಟರ್‌ಗಳ ಒಳಗಿವೆ. ದಕ್ಷಿಣಕ್ಕೆ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಓಡುದಾರಿಯಿದೆ. ಅದರ ಸಮೀಪದಲ್ಲಿಯೇ, 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣವಿದೆ. ಜಿಕೆವಿಕೆ ಎಂದೇ ಹೆಸರಾದ ಆ ಆವರಣದಲ್ಲಿ ಪ್ರತಿ ವರ್ಷ ನಡೆಯುವ ಕೃಷಿ ಮೇಳಕ್ಕೆ ರಾಜ್ಯದ ಮೂಲೆಮೂಲೆಗಳಿಂದ ರೈತರು ಬರುತ್ತಾರೆ, ಜಿಪಿಯು 28ರಂತಹ ರಾಗಿ ತಳಿಗಳ ಹಿಂದೆ ಇಲ್ಲಿಯ ವಿಜ್ಞಾನಿಗಳ ದುಡಿಮೆಯಿದೆ.

ಈ ಆವರಣಗಳ ಎತ್ತರದ ಗೋಡೆಗಳು ಯಲಹಂಕದ ಸ್ವರೂಪವನ್ನೇ ನಿರ್ಧರಿಸಿವೆ. ಒಂದೆಡೆ, ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗಲು ಗೋಡೆಯನ್ನು ಸುತ್ತಿಕೊಂಡು ಹೋಗಬೇಕು. ಇನ್ನೊಂದೆಡೆ, ಅದೇ ಗೋಡೆಗಳೊಳಗೆ ನೂರಾರು ಎಕರೆ ಹಸಿರು ಉಳಿದಿದೆ, ಕಟ್ಟಡಗಳ ಎತ್ತರಕ್ಕೆ ವಾಯುನೆಲೆಯ ನಿಯಮಗಳು ಮಿತಿ ಹಾಕಿವೆ. ಈ ಎರಡನ್ನೂ ತೂಗಿ ನೋಡಿದರೆ ಗೋಡೆಗಳಿಂದ ಊರಿಗೆ ಆದ ಲಾಭವೇ ಹೆಚ್ಚು ಎಂದು ಹೇಳಬೇಕಾಗುತ್ತದೆ.

ರೈಲು ಗಾಲಿ ಕಾರ್ಖಾನೆಯಲ್ಲಿ ಏನು ತಯಾರಾಗುತ್ತದೆ?

ಭಾರತೀಯ ರೈಲ್ವೆಯ ಗಾಡಿಗಳಿಗೆ ಬೇಕಾದ ಗಾಲಿ, ಅಚ್ಚು (ಆಕ್ಸಲ್) ಮತ್ತು ಎರಡನ್ನೂ ಕೂಡಿಸಿದ ಜೋಡಿಗಳು. ವಿದೇಶದಿಂದ ಗಾಲಿ ತರಿಸಿಕೊಳ್ಳುವ ಅವಲಂಬನೆಯನ್ನು ತಗ್ಗಿಸುವ ಉದ್ದೇಶದಿಂದ ಆರಂಭವಾದ ಈ ಕಾರ್ಖಾನೆಯನ್ನು 1984ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಮೊದಲು ಇದರ ಹೆಸರು ವೀಲ್ ಅಂಡ್ ಆಕ್ಸಲ್ ಪ್ಲಾಂಟ್ ಎಂದಿತ್ತು. ಹಳಬರು ಈಗಲೂ ಹಾಗೆಯೇ ಕರೆಯುತ್ತಾರೆ. ರೈಲ್ವೆಯಲ್ಲಿ ಸವೆದು ಗುಜರಿಯಾದ ಉಕ್ಕನ್ನೇ ಇಲ್ಲಿ ವಿದ್ಯುತ್ ಕುಲುಮೆಯಲ್ಲಿ ಕರಗಿಸುತ್ತಾರೆ. ಕರಗಿದ ಉಕ್ಕನ್ನು ಮೇಲಿನಿಂದ ಸುರಿಯುವ ಬದಲು ಗಾಳಿಯ ಒತ್ತಡದಿಂದ ಕೆಳಗಿನಿಂದ ಮೇಲಕ್ಕೆ ಏರಿಸಿ ಗ್ರಾಫೈಟ್ ಅಚ್ಚುಗಳೊಳಗೆ ತುಂಬಿಸುವುದು ಇಲ್ಲಿಯ ವಿಶೇಷ. ಹೀಗೆ ಮಾಡಿದಾಗ ಲೋಹದಲ್ಲಿ ಗುಳ್ಳೆಗಳು ಕಡಿಮೆಯಾಗುತ್ತವೆ. ಬಳಿಕ ಗಾಲಿಯ ಅಂಚನ್ನು ನೀರಿನಿಂದ ತಣಿಸಿ ಗಡಸುಗೊಳಿಸಿ, ಶ್ರವಣಾತೀತ ಧ್ವನಿಯಿಂದ ಒಳಬಿರುಕುಗಳನ್ನು ಪರೀಕ್ಷಿಸುತ್ತಾರೆ. ದೇಶದ ಯಾವ ಮೂಲೆಯಲ್ಲಿ ರೈಲು ಹತ್ತಿದರೂ ಅದರ ಕೆಳಗೆ ಉರುಳುತ್ತಿರುವ ಗಾಲಿ ಯಲಹಂಕದ್ದಾಗಿರುವ ಸಾಧ್ಯತೆ ಇದೆ ಎಂಬ ಹೆಮ್ಮೆ ಇಲ್ಲಿಯ ಕಾರ್ಮಿಕ ಕುಟುಂಬಗಳಿಗಿದೆ, ಅದು ನ್ಯಾಯವಾದ ಹೆಮ್ಮೆ.

ಏರೋ ಇಂಡಿಯಾ ನಡೆಯುವಾಗ ಮಾಂಸದ ಅಂಗಡಿಗಳನ್ನು ಮುಚ್ಚಿಸುವುದೇಕೆ?

ವಾಯುಪಡೆಯ ನೆಲೆಯಲ್ಲಿ 1996ರಿಂದ ಎರಡು ವರ್ಷಗಳಿಗೊಮ್ಮೆ ಈ ವೈಮಾನಿಕ ಪ್ರದರ್ಶನ ನಡೆಯುತ್ತಿದೆ. ಬಯಲಿಗೆ ಎಸೆದ ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಮುತ್ತುತ್ತವೆ. ಕೆಳಮಟ್ಟದಲ್ಲಿ ವೇಗವಾಗಿ ಹಾರುವ ವಿಮಾನಕ್ಕೆ ಒಂದು ಹದ್ದು ಬಡಿದರೂ ಅಪಘಾತವಾಗಬಹುದು. ಆದಕಾರಣ ಪ್ರದರ್ಶನದ ದಿನಗಳಲ್ಲಿ ನೆಲೆಯ ಸುತ್ತಲಿನ ನಿಗದಿತ ವ್ಯಾಪ್ತಿಯಲ್ಲಿ ಮಾಂಸದ ಮಾರಾಟವನ್ನು ನಿಷೇಧಿಸುವ ಆದೇಶ ಹೊರಡುತ್ತದೆ. ಕಾರಣ ಸರಿಯಾದದ್ದೇ. ಆದರೂ ದಿನಗಟ್ಟಲೆ ಅಂಗಡಿ ಮುಚ್ಚಬೇಕಾಗುವ ಸಣ್ಣ ವ್ಯಾಪಾರಿಗಳ ನಷ್ಟವನ್ನೂ, ವರ್ಷವಿಡೀ ತ್ಯಾಜ್ಯವನ್ನು ಸರಿಯಾಗಿ ವಿಲೇವಾರಿ ಮಾಡಿದ್ದರೆ ಈ ನಿಷೇಧದ ಅಗತ್ಯವೇ ಕಡಿಮೆಯಾಗುತ್ತಿತ್ತೆಂಬುದನ್ನೂ ಮರೆಯುವಂತಿಲ್ಲ.

2019ರ ಪ್ರದರ್ಶನ ಇಲ್ಲಿಯವರ ಮನಸ್ಸಿನಲ್ಲಿ ನೋವಾಗಿ ಉಳಿದಿದೆ. ಫೆಬ್ರವರಿ 19ರಂದು ತಾಲೀಮಿನ ವೇಳೆ ಸೂರ್ಯಕಿರಣ ತಂಡದ ಎರಡು ವಿಮಾನಗಳು ಡಿಕ್ಕಿಯಾಗಿ ಒಬ್ಬ ಪೈಲಟ್ ಮೃತಪಟ್ಟರು. ನಾಲ್ಕು ದಿನಗಳ ನಂತರ ವಾಹನ ನಿಲುಗಡೆಯ ಬಯಲಿನಲ್ಲಿ ಒಣಹುಲ್ಲಿಗೆ ಬೆಂಕಿ ತಗುಲಿ ಸುಮಾರು 300 ಕಾರುಗಳು ಸುಟ್ಟುಹೋದವು.

ಯಲಹಂಕದ ಕೆರೆಗಳ ಬಗ್ಗೆ ಏಕೆ ಅಷ್ಟು ಮಾತು?

ಏಕೆಂದರೆ ಈ ಊರು ಇಲ್ಲಿ ನೆಲೆಗೊಂಡದ್ದೇ ಕೆರೆಗಳಿಂದ. ಈ ಎತ್ತರದ ನೆಲದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆಯ ನೀರನ್ನು ತಡೆದು ನಿಲ್ಲಿಸುವುದೊಂದೇ ಬದುಕುವ ದಾರಿಯಾಗಿತ್ತು. ಹಿಂದಿನವರು ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿ, ತೂಬಿನಿಂದ ಗದ್ದೆಗೆ ನೀರು ಬಿಟ್ಟು, ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಸೇರುವಂತೆ ಕಾಲುವೆ ತೆಗೆದರು. ಯಲಹಂಕ ಮತ್ತು ಅಲ್ಲಾಳಸಂದ್ರದ ಕಡೆಯ ನೀರು ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿಗೆ, ಮುಂದೆ ನಾಗವಾರದ ಕಣಿವೆಯ ಮೂಲಕ ಪೂರ್ವಕ್ಕೆ ಸಾಗಿ, ಎಲೆಮಲ್ಲಪ್ಪ ಶೆಟ್ಟಿ ಕೆರೆಯನ್ನು ದಾಟಿ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಕೆರೆಯ ನೀರನ್ನು ಹಂಚುವ ನೀರಗಂಟಿಗಳು ಕಾಯುತ್ತಿದ್ದ ಈ ವ್ಯವಸ್ಥೆಯಲ್ಲಿ ಒಂದು ಕೆರೆಯ ಹಿತ ಮೇಲಿನ ಕೆರೆಗೂ ಕೆಳಗಿನ ಕೆರೆಗೂ ಸೇರಿದ್ದಾಗಿತ್ತು.

ಅಚ್ಚುಕಟ್ಟಿನ ಗದ್ದೆಗಳು ಮನೆಗಳಾದ ಮೇಲೂ ನೀರು ತನ್ನ ದಾರಿಯನ್ನು ಮರೆಯಲಿಲ್ಲ. 2021ರ ನವೆಂಬರ್‌ನಲ್ಲಿ ಸುರಿದ ಮಳೆಗೆ ಯಲಹಂಕ ಕೆರೆ ಕೋಡಿ ಹರಿದು, ಅದರ ಕೆಳಗಿನ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಜಲಾವೃತವಾಯಿತು. ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಅದೇ ಸಂಕಟ ಮರುಕಳಿಸಿತು. ಪತ್ರಿಕೆಗಳು ಇದನ್ನು ಅನಿರೀಕ್ಷಿತ ಪ್ರವಾಹವೆಂದು ಬರೆದರೂ, ಕೆರೆಯ ಕೋಡಿ ಎಲ್ಲಿದೆ, ರಾಜಕಾಲುವೆಯ ಅಗಲ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ ಎಂದು ನೋಡಿದವರಿಗೆ ಅದರಲ್ಲಿ ಅನಿರೀಕ್ಷಿತವಾದದ್ದು ಏನೂ ಕಾಣದು. ಇಲ್ಲಿ ಮನೆ ಕೊಳ್ಳುವವರು ಕಾಗದಪತ್ರಗಳ ಜೊತೆಗೆ ಹಳೆಯ ಗ್ರಾಮನಕ್ಷೆಯನ್ನೂ ತಪ್ಪದೆ ನೋಡಬೇಕು.

ಕೆರೆಗಳು ಸುಧಾರಿಸಿದ ಉದಾಹರಣೆ ಇದೆಯೇ?

ಇದೆ. ಜಕ್ಕೂರು ಕೆರೆಯ ಮೇಲ್ಭಾಗದಲ್ಲಿ ಜಲಮಂಡಳಿಯ ಕೊಳಚೆ ನೀರು ಸಂಸ್ಕರಣಾ ಘಟಕವಿದೆ. ಅಲ್ಲಿ ಶುದ್ಧೀಕರಿಸಿದ ನೀರು ನೇರವಾಗಿ ಕೆರೆಗೆ ಬೀಳದೆ ಮೊದಲು ಜೊಂಡು ಬೆಳೆದ ಜೌಗಿನ ಮೂಲಕ ನಿಧಾನವಾಗಿ ಹಾದು ಬರುತ್ತದೆ, ಉಳಿದ ಪೋಷಕಾಂಶಗಳನ್ನು ಸಸ್ಯಗಳು ಹೀರಿಕೊಳ್ಳುತ್ತವೆ. ಹೀಗಾಗಿ ಬೇಸಿಗೆಯಲ್ಲಿಯೂ ಕೆರೆಯಲ್ಲಿ ನೀರಿರುತ್ತದೆ, ಸುತ್ತಲಿನ ಬಾವಿಗಳ ಮಟ್ಟ ಏರಿದೆ, ಮೀನುಗಾರರಿಗೆ ಕಸುಬು ಉಳಿದಿದೆ. ಮೇಲಿನಿಂದ ಸಂಸ್ಕರಿಸದ ಕೊಳಚೆ ನುಗ್ಗಿದರೆ ಈ ಸಮತೋಲನ ಕೆಡುತ್ತದೆ. ಆದ್ದರಿಂದಲೇ ಊರಿನವರ ಕಾವಲು ಎಂದಿಗೂ ಬೇಕು.

ಉಪನಗರದ ಪಕ್ಕದ ಪುಟ್ಟೇನಹಳ್ಳಿ ಕೆರೆಯನ್ನು ರಾಜ್ಯ ಸರ್ಕಾರ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಬಣ್ಣದ ಕೊಕ್ಕರೆ, ಹಾವಕ್ಕಿ, ಕೆಂಬರಲು, ಇರುಳು ಬಕ ಮುಂತಾದ ಹಕ್ಕಿಗಳು ಇಲ್ಲಿ ಸೇರುತ್ತವೆ. ಜೆ.ಪಿ. ನಗರದ ಬಳಿಯೂ ಪುಟ್ಟೇನಹಳ್ಳಿ ಎಂಬ ಹೆಸರಿನ ಕೆರೆಯಿರುವುದರಿಂದ ಬರುವವರು ವಿಳಾಸವನ್ನು ಸರಿಯಾಗಿ ನೋಡಿಕೊಳ್ಳಬೇಕು.

ವಿಮಾನ ನಿಲ್ದಾಣ ಬಂದ ಮೇಲೆ ಏನು ಬದಲಾಯಿತು?

2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದಾಗ, ನಗರದ ಅಂಚಾಗಿದ್ದ ಯಲಹಂಕ ನಗರಕ್ಕೂ ನಿಲ್ದಾಣಕ್ಕೂ ನಡುವಿನ ಊರಾಯಿತು. ಬಳ್ಳಾರಿ ರಸ್ತೆಯ ಮೇಲೆ ಎತ್ತರದ ಸೇತುವೆ ಬಂತು. ಕೆಳಗಿನ ಊರನ್ನು ನೋಡದೆಯೇ ಅದರ ಮೇಲೆ ಸಾಗಿಹೋಗುವವರೇ ಈಗ ಹೆಚ್ಚು. ಜಮೀನಿನ ಬೆಲೆ ಏರಿತು, ಬಹುಮಹಡಿ ಕಟ್ಟಡಗಳು ಎದ್ದವು, ದ್ರಾಕ್ಷಿ ಚಪ್ಪರಗಳು ಮರೆಯಾದವು. 2013ರಲ್ಲಿ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಡಲಾಯಿತು, 2022ರ ನವೆಂಬರ್‌ನಲ್ಲಿ ಅವರ 108 ಅಡಿ ಎತ್ತರದ ಪ್ರತಿಮೆ ಅಲ್ಲಿ ಅನಾವರಣಗೊಂಡಿತು. ಅವರ ಮನೆತನ ಆಳಿದ ಊರಿನ ಹಳೇ ಬೀದಿಗಳಲ್ಲಿ ಆ ಇತಿಹಾಸವನ್ನು ತಿಳಿಸುವ ವ್ಯವಸ್ಥೆಯೂ ಅಷ್ಟೇ ಕಾಳಜಿಯಿಂದ ರೂಪುಗೊಳ್ಳಬೇಕು.

ಆಡಳಿತದ ದೃಷ್ಟಿಯಿಂದ ಇದು ಬೆಂಗಳೂರೇ?

ಹೌದು. ತನ್ನದೇ ನಗರಸಭೆಯನ್ನು ಹೊಂದಿದ್ದ ಯಲಹಂಕ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ರಚನೆಯಾದಾಗ ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿತು. ಇದರ ಹೊರತಾಗಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಯಲಹಂಕ ಒಂದು ತಾಲ್ಲೂಕು ಕೂಡ ಹೌದು.

ಮೆಟ್ರೊ ಮತ್ತು ಉಪನಗರ ರೈಲು ಯಲಹಂಕಕ್ಕೆ ಬರಲಿವೆಯೇ?

ಕೆ.ಆರ್. ಪುರದಿಂದ ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ನೀಲಿ ಮಾರ್ಗದಲ್ಲಿ ಜಕ್ಕೂರು ಕ್ರಾಸ್, ಯಲಹಂಕ ಮತ್ತು ಬಾಗಲೂರು ಕ್ರಾಸ್‌ಗಳಲ್ಲಿ ನಿಲ್ದಾಣಗಳಿರುವಂತೆ ಯೋಜಿಸಲಾಗಿದೆ. ಉಪನಗರ ರೈಲು ಯೋಜನೆಯ ನಾಲ್ಕು ಮಾರ್ಗಗಳ ಪೈಕಿ ಎರಡು ಯಲಹಂಕದ ಮೂಲಕ ಹಾಯುತ್ತವೆ: ಬೆಂಗಳೂರು ನಗರ ನಿಲ್ದಾಣದಿಂದ ದೇವನಹಳ್ಳಿಗೆ ಹೋಗುವ ಸಂಪಿಗೆ, ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುವ ಕನಕ. ಮೆಟ್ರೊ ಹೆದ್ದಾರಿಯ ಗುಂಟ ಸಾಗುವುದರಿಂದ ಉಪನಗರದ ಒಳಗಿನವರಿಗೆ ಈ ರೈಲುಗಳೇ ಹೆಚ್ಚು ಹತ್ತಿರವಾಗಲಿವೆ. ಅಲ್ಲಿಯವರೆಗೆ, ಯಶವಂತಪುರ ಅಥವಾ ಮೆಜೆಸ್ಟಿಕ್‌ಗೆ ಹೋಗುವವರು ಜಂಕ್ಷನ್‌ನಿಂದ ಈಗಾಗಲೇ ಓಡುತ್ತಿರುವ ಪ್ಯಾಸೆಂಜರ್ ರೈಲುಗಳ ವೇಳಾಪಟ್ಟಿಯನ್ನು ಒಮ್ಮೆ ನೋಡುವುದು ಒಳ್ಳೆಯದು. ಹೆಬ್ಬಾಳದ ಮೇಲ್ಸೇತುವೆಯ ವಾಹನದಟ್ಟಣೆಯಲ್ಲಿ ಸಿಲುಕದೆ ಊರು ಸೇರಲು ಅವು ಇಂದಿಗೂ ನೆರವಾಗುತ್ತಿವೆ.